ತೊಕಾಯ್ ಯಾರ ಸ್ವತ್ತು? ಹಂಗೇರಿಯ ವೈನ್, ಅದರ ಹೆಸರು ಮತ್ತು ಹೆಸರು ಮುಚ್ಚಿಟ್ಟ ಸ್ಪರ್ಧೆ

ಹಂಗೇರಿಯ ರಾಷ್ಟ್ರಗೀತೆಯಲ್ಲಿ ಒಂದು ದ್ರಾಕ್ಷಿ ಸೀಮೆಯ ಹೆಸರಿದೆ. ಫೆರೆಂಟ್ಸ್ ಕೊಲ್ಚೆಯ್ 1823ರಲ್ಲಿ ಬರೆದ ಆ ಕವಿತೆ ದೇವರು ಹಂಗೇರಿಯರಿಗೆ ಕೊಟ್ಟ ವರಗಳನ್ನು ನೆನೆಯುತ್ತದೆ. ಆ ವರಗಳಲ್ಲಿ ತೊಕಾಯ್‌ನ ದ್ರಾಕ್ಷಿ ಬಳ್ಳಿಗಳೂ ಸೇರಿವೆ. ನೂರು ವರ್ಷ ಕಳೆಯುವಷ್ಟರಲ್ಲಿ, ಮೊದಲ ಮಹಾಯುದ್ಧದಲ್ಲಿ ಸೋತ ಹಂಗೇರಿಯ ಮೇಲೆ 1920ರ ಟ್ರಿಯಾನಾನ್ ಒಪ್ಪಂದ ಬಂತು. ದೇಶದ ಸುಮಾರು ಮೂರನೇ ಎರಡು ಭಾಗ ನೆಲ ಕೈಬಿಟ್ಟು ಹೋಯ್ತು. ಹೊಸ ಗಡಿ ರೇಖೆ ರಾಷ್ಟ್ರಗೀತೆಯ ತೊಕಾಯ್ ಸೀಮೆಯನ್ನೂ ಬಿಡಲಿಲ್ಲ. ಕೆಲವು ಹಳ್ಳಿಗಳು ಆಗಿನ ಚೆಕೊಸ್ಲೊವಾಕಿಯಾಗೆ ಸೇರಿದವು. ಇವತ್ತು ಅವು ಸ್ಲೊವಾಕಿಯಾದಲ್ಲಿವೆ.

ಇದೇ ದೇಶದಲ್ಲಿ ರಾಷ್ಟ್ರೀಯ ವೈನ್ ಸ್ಪರ್ಧೆಯೂ ನಡೆಯುತ್ತೆ. ಅಲ್ಲಿ ತೀರ್ಪುಗಾರರ ಮುಂದಿಡುವ ಗ್ಲಾಸಿನ ಮೇಲೆ ಊರಿನ ಹೆಸರಿಲ್ಲ, ಬೆಳೆಗಾರರ ಹೆಸರಿಲ್ಲ, ಬರೀ ಒಂದು ನಂಬರ್. ಹೆಸರಿಗಾಗಿ ಗಡಿಯಾಚೆಯವರ ಜೊತೆ ಕೋರ್ಟಿಗೆ ಹೋದ ದೇಶವೇ ಹೆಸರು ಮುಚ್ಚಿಟ್ಟು ರುಚಿ ನೋಡಿ ಅನ್ನುತ್ತೆ. ನನಗೆ ಕುತೂಹಲ ಇರೋದು ಇಲ್ಲೇ. ವೈನ್ ಕುಡಿಯದವರೂ ಇದನ್ನು ಓದಬಹುದು. ಒಂದು ಪದಾರ್ಥ ‘ನಮ್ಮದು’ ಅಂತ ಆಗೋದು ಹೇಗೆ, ಅದನ್ನು ತೀರ್ಮಾನಿಸೋರು ಯಾರು ಅನ್ನೋ ಪ್ರಶ್ನೆ ವೈನ್‌ಗಿಂತ ದೊಡ್ಡದು.

22 ಸೀಮೆಗಳು

ಹಂಗೇರಿಯನ್ನು ಅಧಿಕೃತವಾಗಿ 22 ವೈನ್ ಸೀಮೆಗಳಾಗಿ ವಿಂಗಡಿಸಿದ್ದಾರೆ. ಅವನ್ನು ಆರು ದೊಡ್ಡ ಪ್ರದೇಶಗಳ ಕೆಳಗೆ ಗುಂಪು ಮಾಡಿದ್ದಾರೆ. ಈಶಾನ್ಯದಲ್ಲಿ ತೊಕಾಯ್, ಅದರ ಪಶ್ಚಿಮಕ್ಕೆ ಎಗೆರ್. ದಕ್ಷಿಣದಲ್ಲಿ ಕೆಂಪು ವೈನ್‌ಗೆ ಹೆಸರಾದ ವಿಲ್ಲಾನ್ ಮತ್ತು ಸೆಕ್‌ಸಾರ್ದ್. ಆಸ್ಟ್ರಿಯಾ ಗಡಿಗೆ ಅಂಟಿಕೊಂಡ ಶೋಪ್ರೋನ್. ಬಾಲಾಟೋನ್ ಸರೋವರದ ದಡದಲ್ಲಿ ಬಾದಾಚೋನ್, ಅಲ್ಲಿಂದ ಸ್ವಲ್ಪ ಉತ್ತರಕ್ಕೆ ಪುಟ್ಟ ಶೋಮ್ಲೋ. ಈ ಎರಡೂ ಹಳೇ ಜ್ವಾಲಾಮುಖಿಗಳು ಬಿಟ್ಟುಹೋದ ಗುಡ್ಡಗಳು. ದ್ಯಾನ್ಯೂಬ್ ಮತ್ತು ತೀಸಾ ನದಿಗಳ ನಡುವಿನ ಮರಳು ಬಯಲಿನಲ್ಲಿ ಕುನ್‌ಶಾಗ್. ವಿಸ್ತೀರ್ಣದಲ್ಲಿ ಎಲ್ಲಕ್ಕಿಂತ ದೊಡ್ಡದು ಇದೇ, ಆದರೆ ಹೊರಗೆ ಇದರ ಹೆಸರು ಕೇಳಿದವರು ಕಡಿಮೆ. ಈ ಮಾತು ನೆನಪಿಟ್ಟುಕೊಳ್ಳಿ, ಕೊನೆಗೆ ಬೇಕಾಗುತ್ತೆ.

ಇನ್ನೊಂದು ಸಣ್ಣ ವಿಷಯ. ಯುರೋಪಿನ ಹೆಚ್ಚಿನ ಭಾಷೆಗಳಲ್ಲಿ ವೈನ್‌ಗೆ ಲ್ಯಾಟಿನ್ನಿನ ‘ವೀನುಮ್’ಗೆ ನೆಂಟಾದ ಪದವೇ ಇದೆ. ಹಂಗೇರಿಯನ್ನಿನಲ್ಲಿ ಮಾತ್ರ ಅದು ‘ಬೋರ್’. ಈ ಪದ ಹಳೇ ತುರ್ಕಿಕ್ ಭಾಷೆಯಿಂದ ಬಂದದ್ದು ಅಂತ ಭಾಷಾಶಾಸ್ತ್ರಜ್ಞರು ಹೇಳ್ತಾರೆ. ಅಂದರೆ ಈ ಜನ ದ್ಯಾನ್ಯೂಬ್ ತೀರಕ್ಕೆ ಬಂದು ನೆಲೆಸುವ ಮೊದಲೇ, ಪೂರ್ವದ ದಾರಿಯಲ್ಲೇ ಈ ಪದ ಅವರ ಬಾಯಿಗೆ ಹತ್ತಿತ್ತು.

ಬೂಷ್ಟು ಹಿಡಿದ ಹಣ್ಣಿನ ಬೆಲೆ

ತೊಕಾಯ್ ಯಾಕಿಷ್ಟು ದೊಡ್ಡ ವಿಷಯ ಅಂತ ತಿಳಿಯೋಕೆ ಅಲ್ಲಿನ ‘ಆಸೂ’ ಅನ್ನೋ ಸಿಹಿ ವೈನ್ ಹೇಗೆ ಆಗುತ್ತೆ ಅನ್ನೋದು ಗೊತ್ತಿರಬೇಕು. ಬೋದ್ರೋಗ್ ಮತ್ತು ತೀಸಾ ನದಿಗಳು ಕೂಡುವ ಜಾಗ ಅದು. ಶರತ್ಕಾಲದ ಬೆಳಿಗ್ಗೆ ಮಂಜು ಕವಿಯುತ್ತೆ, ಮಧ್ಯಾಹ್ನ ಬಿಸಿಲು ಬೀಳುತ್ತೆ. ಈ ತೇವ ಮತ್ತು ಒಣಹವೆಯ ಆಟದಲ್ಲಿ ಬೊಟ್ರೈಟಿಸ್ ಅನ್ನೋ ಬೂಷ್ಟು ಹಣ್ಣಿಗೆ ಹತ್ತುತ್ತೆ. ಬೇರೆ ಕಡೆ ಇದೇ ಬೂಷ್ಟು ಬೆಳೆ ಹಾಳುಮಾಡುವ ರೋಗ. ಇಲ್ಲಿ ಅದು ಸಿಪ್ಪೆಯನ್ನು ತೂತುಮಾಡಿ ನೀರನ್ನು ಆರಿಸಿ ಸಕ್ಕರೆ, ಹುಳಿ, ಪರಿಮಳ ಎಲ್ಲವನ್ನೂ ಗಟ್ಟಿಮಾಡುತ್ತೆ.

ಒಂದು ಗೊಂಚಲಿನಲ್ಲಿ ಎಲ್ಲ ಹಣ್ಣೂ ಒಟ್ಟಿಗೆ ಹಾಗೆ ಆಗೋದಿಲ್ಲ. ಹಾಗಾಗಿ ಕೂಲಿಯವರು ಒಣಗಿದ ಹಣ್ಣನ್ನು ಒಂದೊಂದಾಗಿ ಕೈಯಲ್ಲೇ ಬಿಡಿಸಬೇಕು, ಅದೇ ತೋಟಕ್ಕೆ ಮತ್ತೆ ಮತ್ತೆ ಬರಬೇಕು. ದಿನವಿಡೀ ದುಡಿದರೂ ಒಬ್ಬರ ಬುಟ್ಟಿಗೆ ಬೀಳೋದು ಕೆಲವೇ ಕಿಲೋ. ಆ ಹಣ್ಣನ್ನು ಅರೆದು, ದ್ರಾಕ್ಷಿ ರಸ ಅಥವಾ ಹೊಸ ವೈನ್‌ನಲ್ಲಿ ನೆನೆಹಾಕಿ, ಹಿಂಡಿ, ಪೀಪಾಯಿಗೆ ತುಂಬ್ತಾರೆ. ಹಿಂದೆ ಬೆನ್ನಿಗೆ ಹೊರುವ ಬುಟ್ಟಿಯೇ ಅಳತೆ. ಅದಕ್ಕೆ ‘ಪುತ್ತೋನ್’ ಅಂತ ಹೆಸರು. ಸುಮಾರು 136 ಲೀಟರ್ ಹಿಡಿಯುವ ಒಂದು ಪೀಪಾಯಿಗೆ ಎಷ್ಟು ಬುಟ್ಟಿ ಹಣ್ಣು ಅನ್ನೋದರ ಮೇಲೆ 3, 4, 5, 6 ಅಂತ ದರ್ಜೆ. 2013ರ ನಿಯಮ ಕೆಳಗಿನ ಎರಡು ದರ್ಜೆ ತೆಗೆದುಹಾಕಿತು. ಈಗ ಆಸೂ ಅನ್ನಿಸಿಕೊಳ್ಳೋಕೆ ಲೀಟರಿಗೆ ಕನಿಷ್ಠ 120 ಗ್ರಾಂ ಸಕ್ಕರೆ ಉಳಿದಿರಬೇಕು. ಅಳೆಯೋದು ಬುಟ್ಟಿ ಅಲ್ಲ, ಪ್ರಯೋಗಾಲಯ.

ಇಷ್ಟು ದುಬಾರಿ ಪದಾರ್ಥಕ್ಕೆ ನಕಲಿ ಹುಟ್ಟೋದು ಸಹಜ. ಅದಕ್ಕೇ 1737ರಲ್ಲಿ ಒಂದು ರಾಜಾಜ್ಞೆ ಯಾವ ಊರಿನ ವೈನ್ ತೊಕಾಯ್, ಯಾವುದು ಅಲ್ಲ ಅಂತ ಗೆರೆ ಎಳೆಯಿತು. ಜಗತ್ತಿನಲ್ಲಿ ವೈನ್ ಸೀಮೆಗೆ ಕಾನೂನಿನಿಂದ ಗಡಿ ಹಾಕಿದ ಅತಿ ಹಳೆಯ ಉದಾಹರಣೆಗಳಲ್ಲಿ ಇದೂ ಒಂದು. ಗೆರೆಯ ಒಳಗಿದ್ದ ಊರಿನ ನೆಲದ ಬೆಲೆ ಏರಿತು. ಹೊರಗಿದ್ದ ಊರಿನವರು ಅದೇ ತಳಿ ಹಾಕಿ ಅಷ್ಟೇ ಬೆವರು ಸುರಿಸಿದರೂ ಆ ಹೆಸರು ಅವರಿಗಿಲ್ಲ.

ಈ ಹೆಸರನ್ನು ಯುರೋಪಿನ ತುಂಬ ಹರಡಿದವರಲ್ಲಿ ಯಹೂದಿ ವ್ಯಾಪಾರಿಗಳ ಪಾತ್ರ ದೊಡ್ಡದು. ಪೋಲೆಂಡಿಗೆ ವೈನ್ ಸಾಗಿಸುವ ವ್ಯಾಪಾರದಲ್ಲಿ ಅವರು ಮುಂದಿದ್ದರು. ತೊಕಾಯ್ ಸೀಮೆಯ ಮಾದ್ ಎಂಬ ಊರಿನಲ್ಲಿ 1795ರ ಸಿನಗಾಗ್ ಇವತ್ತಿಗೂ ನಿಂತಿದೆ. ಅಲ್ಲಿ ಪ್ರಾರ್ಥನೆ ಮಾಡ್ತಿದ್ದ ಸಮುದಾಯ ಇಲ್ಲ. 1944ರಲ್ಲಿ ಅವರನ್ನು ನಾಜಿ ಶಿಬಿರಗಳಿಗೆ ಸಾಗಿಸಿದರು. ಸೀಮೆಗೆ ಕೀರ್ತಿ ತಂದವರು ಹೋದರು, ಕೀರ್ತಿ ಉಳಿಯಿತು.

ಹೆಸರಿನ ಕಾನೂನು ಎರಡೂ ಕಡೆ ಕೊಯ್ಯುತ್ತೆ

ಇಟಲಿಯ ಫ್ರಿಯುಲಿ ಪ್ರದೇಶದಲ್ಲಿ ‘ತೊಕಾಯ್ ಫ್ರಿಯುಲಾನೋ’ ಅನ್ನೋ ಬಿಳಿ ವೈನ್ ಇತ್ತು. ಫ್ರಾನ್ಸಿನ ಆಲ್ಸಾಸ್‌ನಲ್ಲಿ ‘ತೊಕಾಯ್ ಪಿನೋ ಗ್ರಿ’ ಇತ್ತು. ಎರಡಕ್ಕೂ ಹಂಗೇರಿಯ ವೈನ್‌ನ ತಳಿಯೂ ಬೇರೆ, ರುಚಿಯೂ ಬೇರೆ. 1993ರಲ್ಲಿ ಹಂಗೇರಿ ಯುರೋಪಿಯನ್ ಸಮುದಾಯದ ಜೊತೆ ಒಪ್ಪಂದ ಮಾಡಿಕೊಂಡು, ಈ ಹೆಸರುಗಳನ್ನು 2007ರ ಮಾರ್ಚ್ ಕೊನೆಗೆ ಬಿಡಬೇಕು ಅಂತ ಒಪ್ಪಿಸಿತು. ಇಟಲಿಯ ಕಡೆಯವರು ಕೋರ್ಟಿಗೆ ಹೋದರು, 2005ರಲ್ಲಿ ಯುರೋಪಿನ ನ್ಯಾಯಾಲಯದಲ್ಲಿ ಸೋತರು. ಈಗ ಅವರ ಲೇಬಲ್ ಮೇಲೆ ಬರೀ ‘ಫ್ರಿಯುಲಾನೋ’.

ಹಂಗೇರಿಗೆ ಇದು ದೊಡ್ಡ ಗೆಲುವು. ಆದರೆ ಅದೇ ಕಾನೂನು ಅದರ ಮನೆ ಬಾಗಿಲಿಗೂ ಬಂತು. ವಿಲ್ಲಾನ್ ಕಡೆ ಜನ ತಲೆಮಾರುಗಳಿಂದ ಕುಡಿಯುತ್ತಿದ್ದ ಒಂದು ಕೆಂಪು ತಳಿಗೆ ‘ಕೇಕ್‌ಒಪೋರ್ತೋ’ ಅಂತ ಹೆಸರು. ಪೋರ್ಚುಗಲ್‌ನ ‘ಪೋರ್ಟೊ’ ವೈನ್ ಹೆಸರಿಗೆ ಇದು ಹತ್ತಿರ ಅಂತ ಆ ಹೆಸರನ್ನು ಬಿಡಬೇಕಾಯ್ತು. ಈಗ ಅದು ‘ಪೋರ್ತುಗೀಸರ್’. ಸ್ಲೊವಾಕಿಯಾ ಜೊತೆಗಿನ ಜಗಳವಂತೂ ಇನ್ನೂ ಸಿಕ್ಕುಸಿಕ್ಕಾಗಿದೆ. ತನ್ನ ಕಡೆಯ ಹಳ್ಳಿಗಳ ವೈನ್‌ಗೂ ತೊಕಾಯ್ ಹೆಸರು ಸಲ್ಲಬೇಕು ಅನ್ನೋದು ಅದರ ವಾದ. ಸ್ಲೊವಾಕಿಯಾದ ಸೀಮೆಯ ಹೆಸರನ್ನು ಯುರೋಪಿನ ದಾಖಲೆಯಲ್ಲಿ ನಮೂದಿಸಿದ ರೀತಿಯನ್ನು ಹಂಗೇರಿ ಪ್ರಶ್ನಿಸಿತು. 2012ರಲ್ಲಿ ಯುರೋಪಿಯನ್ ಒಕ್ಕೂಟದ ಜನರಲ್ ಕೋರ್ಟ್ ಆ ಅರ್ಜಿಯನ್ನು ಒಪ್ಪಲಿಲ್ಲ.

ನನಗೆ ಕೋರ್ಟಿನ ತಾಂತ್ರಿಕ ಕಾರಣಕ್ಕಿಂತ ಮುಖ್ಯ ಅನ್ನಿಸೋದು ಬೇರೆ. ಗಡಿಯಾಚೆಯ ಆ ಹಳ್ಳಿಗಳ ಜನ ಎಲ್ಲಿಗೂ ವಲಸೆ ಹೋಗಿ ತೊಕಾಯ್ ಹೆಸರು ಕದ್ದವರಲ್ಲ. ಅವರು ಕೂತಲ್ಲೇ ಇದ್ದರು. ಗಡಿ ಅವರ ತೋಟ ದಾಟಿ ಹೋಯ್ತು. ಮಂಜು, ಮಣ್ಣು, ಬೂಷ್ಟು ಯಾವುದಕ್ಕೂ ಪಾಸ್‌ಪೋರ್ಟ್ ಇಲ್ಲ.

ನಿರಾಶ್ರಿತರ ಜೊತೆ ಬಂದ ‘ವೀರರ ವೈನ್’

ಎಗೆರ್ ಊರಿಗೆ ಒಂದು ಐತಿಹ್ಯ ಇದೆ. 1552ರಲ್ಲಿ ಒಟ್ಟೋಮನ್ ಸೈನ್ಯ ಕೋಟೆಗೆ ಮುತ್ತಿಗೆ ಹಾಕಿತು. ಇಶ್ತ್ವಾನ್ ದೋಬೋ ನಾಯಕತ್ವದಲ್ಲಿ ಸಣ್ಣ ಪಡೆಯೊಂದು ತಡೆದು ನಿಂತಿತು. ಸೈನಿಕರು ಕೆಂಪು ವೈನ್ ಕುಡಿದು ಗಡ್ಡವೆಲ್ಲ ಕೆಂಪಾಗಿಸಿಕೊಂಡು ಹೋರಾಡಿದರಂತೆ. ಇವರು ಹೋರಿಯ ರಕ್ತ ಕುಡಿದಿದ್ದಾರೆ ಅಂತ ಎದುರಾಳಿಗಳು ಹೆದರಿ ಓಡಿದರಂತೆ. ಅದಕ್ಕೇ ಆ ವೈನ್ ಹೆಸರು ‘ಬಿಕಾವೇರ್’, ಅಂದರೆ ಹೋರಿಯ ರಕ್ತ.

ಕಥೆ ಚೆನ್ನಾಗಿದೆ. ತೊಂದರೆ ಏನಂದ್ರೆ, ಆ ಕಾಲದಲ್ಲಿ ಎಗೆರ್ ಬಿಳಿ ವೈನ್ ಸೀಮೆ. ಬಿಕಾವೇರ್‌ಗೆ ಬಹುಕಾಲ ಆಧಾರವಾಗಿದ್ದ ಕೆಂಪು ತಳಿ ಕಾದಾರ್ಕಾ. ಅದು ಹಂಗೇರಿಗೆ ಬಂದದ್ದು ಬಾಲ್ಕನ್ ಕಡೆಯಿಂದ, ಒಟ್ಟೋಮನ್ ಆಳ್ವಿಕೆಯ ಕಾಲದಲ್ಲಿ ಉತ್ತರಕ್ಕೆ ಬಂದ ಸೆರ್ಬ್ ಜನರ ಜೊತೆ ಅನ್ನೋದು ಸಾಮಾನ್ಯವಾಗಿ ಒಪ್ಪಿಕೊಂಡ ಇತಿಹಾಸ. ಅದೇ ಕೋಟೆ 1596ರಲ್ಲಿ ಒಟ್ಟೋಮನ್ನರ ಕೈಸೇರಿತು ಅನ್ನೋದನ್ನೂ ಐತಿಹ್ಯ ಹೇಳೋದಿಲ್ಲ. 2015ರಲ್ಲಿ ಹಂಗೇರಿ ಸರ್ಕಾರ ನಿರಾಶ್ರಿತರನ್ನು ತಡೆಯೋಕೆ ಸೆರ್ಬಿಯಾ ಗಡಿಯುದ್ದಕ್ಕೂ ಬೇಲಿ ಹಾಕಿತು. ದೇಶದ ಶೌರ್ಯದ ಸಂಕೇತವಾದ ವೈನ್‌ನ ಬಳ್ಳಿ ಬಂದದ್ದೂ ಅದೇ ದಿಕ್ಕಿನಿಂದ.

ಕಾದಾರ್ಕಾದ ಮುಂದಿನ ಕಥೆಯೂ ರಾಜಕೀಯದ್ದೇ. ಅದರ ಸಿಪ್ಪೆ ತೆಳು, ಬೇಗ ಕೊಳೆಯುತ್ತೆ, ಯಂತ್ರದ ಬೇಸಾಯಕ್ಕೆ ಒಗ್ಗೋದಿಲ್ಲ. ಸಮಾಜವಾದಿ ಸರ್ಕಾರದ ಕಾಲದ ದೊಡ್ಡ ಸರ್ಕಾರಿ ಫಾರ್ಮುಗಳಿಗೆ ಬೇಕಾಗಿದ್ದು ಹೆಚ್ಚು ಇಳುವರಿ. ಕಾದಾರ್ಕಾ ಹಿಂದೆ ಸರಿಯಿತು, ಕೇಕ್‌ಫ್ರಾಂಕೋಶ್ ಮುಂದೆ ಬಂತು. ಇವತ್ತು ಹಂಗೇರಿಯಲ್ಲಿ ಅತಿ ಹೆಚ್ಚು ಬೆಳೆಯುವ ಕೆಂಪು ತಳಿ ಇದೇ. ಆದರೆ ಇದೂ ಹಂಗೇರಿಯದ್ದು ಮಾತ್ರ ಅಲ್ಲ. ಆಸ್ಟ್ರಿಯಾದಲ್ಲಿ ಬ್ಲೌಫ್ರೆಂಕಿಶ್, ಸ್ಲೊವಾಕಿಯಾದಲ್ಲಿ ಫ್ರಾಂಕೋವ್ಕಾ, ಜರ್ಮನಿಯಲ್ಲಿ ಲೆಂಬರ್ಗರ್. ಬಳ್ಳಿ ಒಂದೇ.

ವಿಲ್ಲಾನ್‌ಗೆ ಪೋರ್ತುಗೀಸರ್ ತಂದವರು ಒಟ್ಟೋಮನ್ನರು ಹೋದ ಮೇಲೆ ಅಲ್ಲಿ ನೆಲೆಸಿದ ಜರ್ಮನ್ ಮಾತಾಡುವ ರೈತರು. ಎರಡನೇ ಮಹಾಯುದ್ಧದ ನಂತರ, 1946ರಿಂದ 1948ರ ನಡುವೆ, ಹಂಗೇರಿಯ ಜರ್ಮನ್ನರಲ್ಲಿ ದೊಡ್ಡ ಸಂಖ್ಯೆಯವರನ್ನು ದೇಶದಿಂದ ಹೊರಹಾಕಿದರು. ಅವರು ನೆಟ್ಟ ಬಳ್ಳಿಗಳು ಮಾತ್ರ ‘ರಾಷ್ಟ್ರೀಯ’ ಆದವು.

ಬರೀ ನೋವಿನ ಕಥೆಗಳೇ ಅಲ್ಲ, ನಗಿಸುವವೂ ಇವೆ. ಶೋಮ್ಲೋ ಗುಡ್ಡದಲ್ಲಿ ಯುಹ್‌ಫಾರ್ಕ್, ಅಂದರೆ ಕುರಿಯ ಬಾಲ, ಅನ್ನೋ ತಳಿ ಇದೆ. ಗೊಂಚಲು ಹಾಗೆ ಕಾಣುತ್ತೆ. ಮೊದಲ ರಾತ್ರಿ ಇದರ ವೈನ್ ಕುಡಿದರೆ ಗಂಡುಮಗು ಹುಟ್ಟುತ್ತೆ ಅನ್ನೋ ನಂಬಿಕೆ ಬೆಳೆದಿತ್ತು. ಗಂಡುಮಗುವಿನ ಹುಚ್ಚು ನಮ್ಮಲ್ಲಿ ಮಾತ್ರ ಇದೆ ಅಂದ್ಕೋಬೇಡಿ. ಬಾದಾಚೋನ್‌ನ ಕೇಕ್‌ನ್ಯೆಲ್ಯೂ ತಳಿಯ ಹೂವಿಗೆ ಹೆಣ್ಣಿನ ಭಾಗ ಮಾತ್ರ ಕೆಲಸ ಮಾಡುತ್ತೆ, ಹಾಗಾಗಿ ಪಕ್ಕದ ಸಾಲಿನಲ್ಲಿ ಬೇರೆ ತಳಿ ನೆಡದಿದ್ದರೆ ಕಾಯಿ ಕಟ್ಟೋದೇ ಕಷ್ಟ. ಕಾರೋಯ್ ಬಾಕೋನ್ಯಿ 1960ರಲ್ಲಿ ಕಸಿಮಾಡಿದ ಚೆರ್ಸೆಗಿ ಫ್ಯೂಸೆರೆಶ್ ಹೆಸರು ಹೇಳೋಕಾಗದೆ, ಬ್ರಿಟನ್ನಿನಲ್ಲಿ ಅದನ್ನು ‘ಉಚ್ಚರಿಸಲಾಗದ ದ್ರಾಕ್ಷಿ’ ಅಂತಲೇ ಲೇಬಲ್ ಹಚ್ಚಿ ಮಾರಿದರು.

ಸೋವಿಯತ್ ಮಾರುಕಟ್ಟೆ ಬಿದ್ದ ಮೇಲೆ

ಸಮಾಜವಾದಿ ಕಾಲದಲ್ಲಿ ಹಂಗೇರಿಯ ವೈನ್‌ಗೆ ದೊಡ್ಡ ಗಿರಾಕಿ ಸೋವಿಯತ್ ಒಕ್ಕೂಟ. ಗುಣಮಟ್ಟಕ್ಕಿಂತ ಪ್ರಮಾಣ ಮುಖ್ಯ. 1985ರಲ್ಲಿ ಗೋರ್ಬಚೇವ್ ಮದ್ಯವಿರೋಧಿ ಅಭಿಯಾನ ಶುರುಮಾಡಿದಾಗ ಮೊದಲ ಪೆಟ್ಟು ಬಿತ್ತು. 1991ರಲ್ಲಿ ಒಕ್ಕೂಟವೇ ಇಲ್ಲವಾದಾಗ ಎರಡನೆಯದು. ಸರ್ಕಾರಿ ತೋಟಗಳನ್ನು ಮಾರುವ ಹೊತ್ತಿಗೆ ತೊಕಾಯ್‌ಗೆ ವಿದೇಶಿ ಬಂಡವಾಳ ಬಂತು. ಫ್ರಾನ್ಸಿನ ವಿಮಾ ಕಂಪನಿ ಆಕ್ಸಾ ದಿಸ್ನೋಕೋ ತೋಟ ಕೊಂಡಿತು, ಸ್ಪೇನ್‌ನ ವೇಗಾ ಸಿಸಿಲಿಯಾ ಒರೆಮುಶ್ ಕೊಂಡಿತು.

ಆಗ ನಡೆದ ದೊಡ್ಡ ಜಗಳ ರುಚಿಯದ್ದು. ಹೊಸ ಮಾಲೀಕರು ಹಣ್ಣಿನ ತಾಜಾತನ ಉಳಿಸುವ ಶೈಲಿ ತಂದರು. ಹಳಬರಿಗೆ ಗೊತ್ತಿದ್ದ ತೊಕಾಯ್ ಪೀಪಾಯಿಯಲ್ಲಿ ವರ್ಷಗಟ್ಟಲೆ ಗಾಳಿ ತಾಗಿ ಬಣ್ಣ ಗಾಢವಾದದ್ದು. ‘ಇದು ತೊಕಾಯ್ ಥರ ಇಲ್ಲ’ ಅನ್ನೋ ಆಕ್ಷೇಪ ಎದ್ದಿತು. ಯಾವುದು ನಿಜವಾದ ತೊಕಾಯ್? ನಲವತ್ತು ವರ್ಷದ ಸರ್ಕಾರಿ ಕಾರ್ಖಾನೆ ರೂಢಿಸಿದ ರುಚಿಯೋ, ಹೊರಗಿನ ಹಣ ತಂದ ರುಚಿಯೋ? ಸ್ಥಳೀಯ ಬೆಳೆಗಾರರೇ ಮೂರನೇ ಉತ್ತರ ಹುಡುಕಿದರು. ಮಾದ್‌ನ ಇಶ್ತ್ವಾನ್ ಸೆಪ್ಶಿಯಂಥವರು ಆಸೂ ಗುಣಮಟ್ಟವನ್ನು ಎತ್ತರಕ್ಕೆ ಒಯ್ದರು. ಜೊತೆಗೆ ಒಂದೊಂದೇ ತೋಟದ ಫುರ್ಮಿಂಟ್ ಹಣ್ಣಿನಿಂದ ಸಿಹಿಯಿಲ್ಲದ ಬಿಳಿ ವೈನ್ ಮಾಡಿ ತೋರಿಸಿದರು.

ಸಣ್ಣ ಬೆಳೆಗಾರರಿಗೆ ಎರಡು ಆಸರೆ ಸಿಕ್ಕವು. ಒಂದು, 1994ರ ಕಾನೂನು ಮತ್ತೆ ಜೀವ ಕೊಟ್ಟ ‘ಗುಡ್ಡದ ಸಮುದಾಯ’ಗಳು. ಇವು ಊರಿನ ದ್ರಾಕ್ಷಿ ಬೆಳೆಗಾರರು ಕಡ್ಡಾಯವಾಗಿ ಸದಸ್ಯರಾಗಿರುವ ಸ್ಥಳೀಯ ಸಂಸ್ಥೆಗಳು. ತೋಟಗಳ ದಾಖಲೆ, ಹಣ್ಣಿನ ಮೂಲದ ಪ್ರಮಾಣಪತ್ರ ಇವುಗಳ ಕೈಯಲ್ಲಿದೆ. ಎರಡನೆಯದು ಸ್ಪರ್ಧೆ ಮತ್ತು ಪ್ರಶಸ್ತಿ. 1991ರಲ್ಲಿ ಶುರುವಾದ ‘ವರ್ಷದ ವೈನ್ ತಯಾರಕ’ ಗೌರವ ಮೊದಲು ಸಿಕ್ಕಿದ್ದು ವಿಲ್ಲಾನ್‌ನ ಎದೆ ತಿಫಾನ್ ಅವರಿಗೆ. ಅಲ್ಲಿಯವರೆಗೆ ಲೇಬಲ್ ಮೇಲೆ ಇರ್ತಿದ್ದದ್ದು ಸರ್ಕಾರಿ ಕಂಪನಿಯ ಹೆಸರು. ಈಗ ಮನುಷ್ಯರ ಹೆಸರು ಬಂತು.

ಗ್ಲಾಸಿನ ಮೇಲೆ ಬರೀ ನಂಬರ್

ರಾಷ್ಟ್ರೀಯ ಸ್ಪರ್ಧೆಗೆ ಅಲ್ಲಿನ ಭಾಷೆಯಲ್ಲಿ ‘ಒರ್ಸಾಗೋಶ್ ಬೋರ್‌ವೆರ್ಶೆನ್’ ಅಂತಾರೆ. ಇದರ ಕೆಳಗೆ ಊರಿನ ಸ್ಪರ್ಧೆ, ಸೀಮೆಯ ಸ್ಪರ್ಧೆ ಅಂತ ಮೆಟ್ಟಿಲುಗಳಿವೆ. ನಮ್ಮ ತಾಲ್ಲೂಕು, ಜಿಲ್ಲೆ, ರಾಜ್ಯ ಮಟ್ಟದ ಪಂದ್ಯಗಳ ಹಾಗೆ.

ಇಂಥ ಸ್ಪರ್ಧೆಗಳಲ್ಲಿ ಅಂಕ ಕೊಡುವ ಕ್ರಮವನ್ನು ಅಂತರರಾಷ್ಟ್ರೀಯ ದ್ರಾಕ್ಷಿ ಮತ್ತು ವೈನ್ ಸಂಸ್ಥೆ ರೂಪಿಸಿದೆ. ಒಟ್ಟು 100 ಅಂಕ. ಸಾಮಾನ್ಯ ವೈನ್‌ಗೆ ನೋಟಕ್ಕೆ 15, ಪರಿಮಳಕ್ಕೆ 30, ರುಚಿಗೆ 44, ಒಟ್ಟಾರೆ ಹೊಂದಾಣಿಕೆಗೆ 11. ಬಾಟಲಿ ಮುಚ್ಚಿರುತ್ತೆ. ಸಿಹಿಯಿಲ್ಲದವು ಮೊದಲು, ಸಿಹಿ ವೈನ್‌ಗಳು ಕೊನೆಗೆ. ಯಾಕಂದ್ರೆ ಸಿಹಿ ಕುಡಿದ ನಾಲಿಗೆಗೆ ಉಳಿದದ್ದೆಲ್ಲ ಹುಳಿ. ಆ ಸಂಸ್ಥೆಯ ಮನ್ನಣೆ ಪಡೆದ ಸ್ಪರ್ಧೆಯಲ್ಲಿ ಬಂದ ವೈನ್‌ಗಳ ಪೈಕಿ ಶೇ. 30ಕ್ಕಿಂತ ಹೆಚ್ಚಿಗೆ ಪದಕ ಕೊಡುವ ಹಾಗಿಲ್ಲ. ಈ ಮಿತಿ ಇಲ್ಲದ ಸ್ಪರ್ಧೆಯ ಚಿನ್ನದ ಸ್ಟಿಕ್ಕರ್ ನೋಡಿದಾಗ ಸ್ವಲ್ಪ ಅನುಮಾನ ಇಟ್ಟುಕೊಳ್ಳಿ. ಪ್ರವೇಶ ಶುಲ್ಕ ಕಟ್ಟಿದವರಿಗೆಲ್ಲ ಪದಕ ಹಂಚಿದರೆ ಅದು ಸ್ಪರ್ಧೆ ಅಲ್ಲ, ಸ್ಟಿಕ್ಕರ್ ವ್ಯಾಪಾರ.

ಈ ವ್ಯವಸ್ಥೆಯಲ್ಲಿ ನಿಜವಾದ ನ್ಯಾಯ ಒಂದಿದೆ, ಅದನ್ನು ನಾನು ಹಗುರವಾಗಿ ನೋಡಲ್ಲ. ಜಾಹೀರಾತಿಗೆ ದುಡ್ಡಿಲ್ಲದ ಎರಡು ಹೆಕ್ಟೇರ್ ರೈತನ ಗ್ಲಾಸೂ ಬಹುರಾಷ್ಟ್ರೀಯ ಕಂಪನಿಯ ಗ್ಲಾಸೂ ಆ ಮೇಜಿನ ಮೇಲೆ ಒಂದೇ.

ಆದರೆ ಆ ಅಂಕಪಟ್ಟಿಯಲ್ಲಿ ಏನೇನಿಲ್ಲ ಅಂತಲೂ ನೋಡಿ. ಹಣ್ಣು ಬಿಡಿಸಿದವರಿಗೆ ಕೂಲಿ ಎಷ್ಟು ಅನ್ನೋ ಕಾಲಂ ಇಲ್ಲ. ಹಣ್ಣು ಮಾರಿದ ರೈತನಿಗೆ ಕಿಲೋಗೆ ಎಷ್ಟು ಸಿಕ್ಕಿತು ಅನ್ನೋದಿಲ್ಲ. ಈಗ ಕುನ್‌ಶಾಗ್‌ಗೆ ಬರೋಣ. 1870ರ ದಶಕದಲ್ಲಿ ಫಿಲೋಕ್ಸೆರಾ ಎಂಬ ಬೇರು ತಿನ್ನುವ ಕೀಟ ಹಂಗೇರಿಗೆ ಬಂದು ಗುಡ್ಡಗಳ ತೋಟಗಳನ್ನು ನಾಶಮಾಡಿತು. ಮರಳಿನಲ್ಲಿ ಮಾತ್ರ ಆ ಕೀಟ ಬದುಕೋದಿಲ್ಲ. ಬಯಲಿನ ಮರಳು ನೆಲ ದೇಶದ ದ್ರಾಕ್ಷಿಯನ್ನು ಉಳಿಸಿತು, ಬಳ್ಳಿಗಳು ಹಾರುವ ಮರಳನ್ನು ಹಿಡಿದು ನಿಲ್ಲಿಸಿದವು. ಸಾಮಾನ್ಯ ಜನ ದಿನನಿತ್ಯ ಕುಡಿಯುವ ಅಗ್ಗದ ವೈನ್‌ನಲ್ಲಿ ದೊಡ್ಡ ಪಾಲು ಇವತ್ತಿಗೂ ಅಲ್ಲಿಂದಲೇ. ಆದರೆ ರಾಷ್ಟ್ರಗೀತೆಯಲ್ಲಿ ಅದರ ಹೆಸರಿಲ್ಲ, ಪ್ರವಾಸಿಗರು ಅಲ್ಲಿಗೆ ಹೋಗೋದು ಕಡಿಮೆ. ಯುರೋಪಿಯನ್ ಒಕ್ಕೂಟ 2008ರ ಸುಧಾರಣೆಯಲ್ಲಿ ಬಳ್ಳಿ ಕಿತ್ತುಹಾಕಿದವರಿಗೆ ದುಡ್ಡು ಕೊಡುವ ಯೋಜನೆ ತಂದಾಗ ಹಂಗೇರಿಯ ಬೆಳೆಗಾರರೂ ತೋಟ ಕಿತ್ತರು. ಇವತ್ತು ದೇಶದಲ್ಲಿ ಉಳಿದಿರೋದು ಸುಮಾರು 60 ಸಾವಿರ ಹೆಕ್ಟೇರ್. ಹೆಸರಿದ್ದ ಸೀಮೆಗೆ ಬಾಟಲಿಯ ಬೆಲೆ ಸಿಕ್ಕುತ್ತೆ, ಹೆಸರಿಲ್ಲದ ಸೀಮೆಗೆ ಟ್ಯಾಂಕರಿನ ಬೆಲೆ.

ನಮಗೆ ಇದು ಯಾಕೆ?

ವಿಶ್ವ ವಾಣಿಜ್ಯ ಸಂಸ್ಥೆಯ ಟ್ರಿಪ್ಸ್ ಒಪ್ಪಂದದಲ್ಲಿ ಎಲ್ಲ ಭೌಗೋಳಿಕ ಹೆಸರುಗಳಿಗೂ 22ನೇ ವಿಧಿಯ ರಕ್ಷಣೆ ಇದೆ. ವೈನ್ ಮತ್ತು ಮದ್ಯಕ್ಕೆ ಮಾತ್ರ 23ನೇ ವಿಧಿ ಇನ್ನೂ ಬಿಗಿಯಾದ ರಕ್ಷಣೆ ಕೊಡುತ್ತೆ. ಗಿರಾಕಿಗೆ ಮೋಸ ಆಗಿದೆ ಅಂತ ಸಾಬೀತು ಮಾಡದೆಯೂ ನಕಲಿ ಹೆಸರನ್ನು ತಡೆಯಬಹುದು. ಆ ಬಲ ಚಹಾ, ಅಕ್ಕಿ, ಬಟ್ಟೆಗೂ ಬೇಕು ಅಂತ ಕೇಳಿದ ದೇಶಗಳಲ್ಲಿ ಭಾರತವೂ ಒಂದು. ತೊಕಾಯ್‌ಗೆ ಸಿಕ್ಕ ಕಾನೂನಿನ ಬಲ ಡಾರ್ಜಿಲಿಂಗ್ ಚಹಾಕ್ಕೆ, ಮೈಸೂರು ರೇಷ್ಮೆಗೆ ಯಾಕಿಲ್ಲ ಅನ್ನೋ ಪ್ರಶ್ನೆ ನ್ಯಾಯವಾದದ್ದೇ. ಯುರೋಪಿನವರ ಮೇಜಿನ ಮೇಲಿರುವ ಪದಾರ್ಥಕ್ಕೆ ಒಂದು ಕಾನೂನು, ನಮ್ಮ ಪದಾರ್ಥಕ್ಕೆ ಇನ್ನೊಂದು.

ಆದರೆ ಜಿಐ ಟ್ಯಾಗ್ ಸಿಕ್ಕ ದಿನ ಕುಣಿದು ಸುಮ್ಮನಾಗುವ ನಮಗೆ ಹಂಗೇರಿಯ ಕಥೆಯಲ್ಲಿ ಎಚ್ಚರಿಕೆಯೂ ಇದೆ. ನಂಜನಗೂಡು ರಸಬಾಳೆಗೂ ಜಿಐ ಇದೆ, ಬೆಂಗಳೂರು ಬ್ಲೂ ದ್ರಾಕ್ಷಿಗೂ ಇದೆ. ಗೆರೆ ಎಳೆದಾಗ ಯಾವ ಊರು ಹೊರಗುಳಿಯಿತು? ಆ ತಳಿಯನ್ನು ಉಳಿಸಿಕೊಂಡು ಬಂದವರು ಯಾರು, ಈಗ ಅವರು ಎಲ್ಲಿದ್ದಾರೆ? ಹೆಸರಿನಿಂದ ಏರಿದ ಬೆಲೆಯಲ್ಲಿ ಬೆಳೆದವರ ಪಾಲೆಷ್ಟು? ಹೆಸರನ್ನು ಗೆದ್ದ ಮೇಲೆ ಕೇಳಬೇಕಾದ ಪ್ರಶ್ನೆಗಳು ಇವು. ಇವುಗಳಿಗೆ ಉತ್ತರ ಯಾವ ಪದಕದಲ್ಲೂ ಸಿಗೋದಿಲ್ಲ. ಬೆಳೆಗಾರರ ಸಂಘ, ಗ್ರಾಮಸಭೆ, ವಿಧಾನಸಭೆಗಳಲ್ಲಿ ಕೇಳಿಯೇ ಪಡೆಯಬೇಕು.